ಭಾವನ ಯಂತ್ರ ಮತ್ತು ಅಕ್ಕನ ಮಂಡಿಪುಡಿ

"ಬಾರಯ್ಯ, ಬಾ! ಇನ್ನು ಯಾವ ಪದಾರ್ಥವೂ ನನ್ನ ಮುಂದೆ ಸುಳ್ಳು ಹೇಳೋ ಹಾಗಿಲ್ಲ!" ಎಂದರು ವಾದಿರಾಜ ಭಾವ.

ಭಾವ ಎಂದರೆ ನನ್ನ ಅಕ್ಕ ಸುಮತಿಯ ಗಂಡ. ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಕಾರಿಲ್ಲದ ತಮ್ಮ ಕಾರ್ ಶೆಡ್ಡಿನಲ್ಲಿ ಪರಮಾಣು ಕಾಂತೀಯ ಅನುರಣನ ಯಂತ್ರ ಕಟ್ಟಿದ್ದರು. ಅಯಸ್ಕಾಂತದ ನಡುವೆ ವಸ್ತುವನ್ನಿಟ್ಟು ರೇಡಿಯೋ ಅಲೆ ಬಿಟ್ಟರೆ ಅದರೊಳಗಿನ ಪರಮಾಣುಗಳು ತಂತಮ್ಮ ಸ್ವರದಲ್ಲಿ ಓಗೊಡುತ್ತವಂತೆ. ಒಂದೊಂದು ಸ್ವರಕ್ಕೆ ಪರದೆಯ ಮೇಲೆ ಒಂದೊಂದು ಗೆರೆ.

"ಮೊದಲು ಕಾಂತಬಲ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಗೆರೆಯೆಲ್ಲ ಎಮ್ಮೆಯಷ್ಟು ದಪ್ಪ! ಈಗ ತಂತಿ ಸುರುಳಿ ಸುತ್ತಿ ಸಮ ಮಾಡಿದ್ದೀನಿ. ನೋಡು, ಕೂದಲೆಳೆ!"

ಗೆರೆಗಳು ನಿಜಕ್ಕೂ ಸಣ್ಣಗಾಗಿದ್ದವು. ಜೊತೆಗೆ ಅಡುಗೆಮನೆಯ ಕಾವಲಿ, ಇಕ್ಕಳ, ಈಳಿಗೆಮಣೆಗಳೂ ಹಾರಿಬಂದು ಯಂತ್ರಕ್ಕೆ ಅಂಟಿಕೊಂಡವು!

"ನನ್ನ ಕಾವಲಿ ಕೊಡ್ರೀ!" ಅಕ್ಕ ಓಡಿಬಂದಳು.

"ಮೊದಲು ನಿನ್ನ ಆ ಮಂಡಿನೋವಿನ ಪುಡಿ ಕೊಡು."

ಊರೂರು ತಿರುಗುವವನೊಬ್ಬ 'ಬರೀ ಬೇರು' ಎಂದು ಕೊಟ್ಟ ಪುಡಿ ಅದು. ನೋವು ಮಾಯ! ಮುಖವೂ ದುಂಡಗಾಗಿ, ಕಳೆ ಬಂದಿದೆ ಎಂದು ಅಕ್ಕ ಬೀಗುತ್ತಿದ್ದಳು. ಭಾವ ಪುಡಿಯನ್ನು ಕರಗಿಸಿ, ಗಾಜಿನ ನಳಿಕೆಯಲ್ಲಿ ತುಂಬಿ ಯಂತ್ರದೊಳಗೆ ಇಳಿಬಿಟ್ಟರು. ಪರದೆ ನೋಡಿ ಅವರ ದನಿಯೇ ಇಳಿದುಹೋಯಿತು.

"ಸುಮತಿ, ಇದರಲ್ಲಿ ಸ್ಟೀರಾಯ್ಡ್ ಇದೆ."

"ಹೋದ ವಾರ ಇದೇ ಯಂತ್ರ ಮಜ್ಜಿಗೇನ ಸೀಮೆಎಣ್ಣೆ ಅಂದಿತ್ತು!"

"ಅದು ಎಮ್ಮೆಗೆರೆ ಕಾಲದ್ದು ಕಣೇ!"

ಅಕ್ಕನನ್ನು ನಂಬಿಸಲೇಬೇಕೆಂದು ಭಾವ ಕಾಂತಬಲದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಒಳಗಿನ ಟ್ರಂಕು ತೆವಳಿಕೊಂಡು ಬಂತು. ನನ್ನ ಸ್ಕೂಟರ್ ಗೇಟು ಮುರಿದು ನುಗ್ಗಿತು! ಗೆರೆಗಳು ಮಾತ್ರ ಕದಲಲಿಲ್ಲ. ಭಾವ ಔಷಧಿ ಅಂಗಡಿಯಿಂದ ಅಸಲಿ ಸ್ಟೀರಾಯ್ಡ್ ಮಾತ್ರೆಯೊಂದನ್ನು ತರಿಸಿ, ಅದನ್ನೂ ಕರಗಿಸಿ ನೋಡಿದರು. ಅದರ ಗೆರೆಗಳೆಲ್ಲ ಪುಡಿಯ ಗೆರೆಗಳ ಮೇಲೆ ಸರಿಯಾಗಿ ಕೂತವು.

"ಹಾಗಾದ್ರೆ ನನ್ನ ಮುಖದ ಕಳೆ?"

"ಊತ ಕಣೇ."

ಬೀದಿ ಕೊನೆಯಲ್ಲಿ ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದೆವು. "ಸಕ್ಕರೆ ಏರಿದೆ. ಮೂಳೆ ಸವೆಯೋ ಮುಂಚೆ ಬಂದ್ರಿ, ಪುಣ್ಯ! ಪುಡಿ ನಿಲ್ಲಿಸಿ. ಸ್ಟೀರಾಯ್ಡ್ ಒಮ್ಮೆಲೇ ಬಿಡೋ ಹಾಗಿಲ್ಲ, ಅದರ ಬದಲು ನಾನು ಕೊಡೋ ಮಾತ್ರೇನ ನಿಧಾನವಾಗಿ ಕಮ್ಮಿ ಮಾಡ್ತಾ ಬರೋಣ" ಎಂದರು ಡಾಕ್ಟರು. ವಾಪಸು ಬರುವಾಗ ಅಕ್ಕ ಭಾವನ ಕೈ ಬಿಡಲೇ ಇಲ್ಲ. "ನಿಮ್ಮ ಯಂತ್ರಕ್ಕೆ ಒಂದು ಆರತಿ ಎತ್ತಬೇಕು ಕಣ್ರೀ" ಎಂದಳು. ನಾನೂ ಮನಸ್ಸಿನಲ್ಲೇ ಕೈಮುಗಿದೆ. ಸ್ಕೂಟರ್ ಹೋದರೆ ಹೋಗಲಿ, ಅಕ್ಕ ಉಳಿದಳಲ್ಲ!

ಆದರೆ ಅವಸರದಲ್ಲಿ ಯಂತ್ರ ಆರಿಸುವುದನ್ನೇ ಮರೆತಿದ್ದೆವು! ಬೀದಿಗೆ ಬಂದು ನೋಡಿದರೆ, ಮೈಯೊಳಗಿನ ನೀರಿನ ಪರಮಾಣುಗಳೆಲ್ಲ ಅಯಸ್ಕಾಂತದ ಸೆಳೆತಕ್ಕೆ ಸಾಲುಗಟ್ಟಿ, ಇಡೀ ಬೀದಿಯ ಜನ ಉತ್ತರಕ್ಕೆ ಮುಖಮಾಡಿ ನಿಂತಿದ್ದರು. ನಲ್ಲಿಯ ಹತ್ತಿರ ಜಗಳವಾಡುತ್ತಿದ್ದ ಇಬ್ಬರಲ್ಲಿ ಒಬ್ಬಾಕೆ ಇನ್ನೊಬ್ಬಳ ಬೆನ್ನಿಗೆ ಬೈಯುತ್ತಿದ್ದಳು, ಆಕೆ ಗೋಡೆಗೆ ಉತ್ತರ ಕೊಡುತ್ತಿದ್ದಳು.

ನಮ್ಮ ಬೀದಿಯವರೆಲ್ಲ ಒಂದೇ ದಿಕ್ಕಿಗೆ ನಿಂತದ್ದು ಅದೇ ಮೊದಲು.