ಮಾಸ್ತರರ ಕೈಗೆ ಕಟ್ಟಿದ ಕಿಲ್ ಸ್ವಿಚ್

ಹಳೇ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದೇನೆ. ಇಲ್ಲಿಗೆ ಬರುವ ಗಾಡಿಗಳಲ್ಲಿ ಅರ್ಧದಷ್ಟು ತಂತಿಯಿಂದ ಕೆಟ್ಟಿರುವುದಿಲ್ಲ, ಮೇಲೆ ಕೂತವರಿಂದ ಕೆಟ್ಟಿರುತ್ತವೆ. ಧಾರವಾಡದ ಗಣಿತದ ಮಾಸ್ತರರು ಬಂದ ಆ ವಾರವಂತೂ ಕೆಡಿಸುವುದರಲ್ಲಿ ನನ್ನ ಪಾಲೂ ಇತ್ತು.

೧. ಬಿದ್ದರೆ ಓಡುವ ಗಾಡಿ

ಮಾಸ್ತರರದು ಅವರ ತಂದೆ ಕೊಂಡಿದ್ದ ಹಳೇ ಬೈಕು. ಭಾನುವಾರ ಊರ ಹೊರಗಿನ ಮೈದಾನದಲ್ಲಿ ಹಳೇ ಗಾಡಿಗಳ ರೇಸು. ಹೋದ ವರ್ಷ ಕಿಲ್ ಸ್ವಿಚ್ ಇಲ್ಲವೆಂದು ಗೇಟಿನಿಂದಲೇ ವಾಪಸ್ ಕಳಿಸಿದ್ದರಂತೆ. ಈ ಸಲ ಅವರ ಮನೆಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಕಪ್ ಬಂದರೆ ಗಾಡಿ ಮನೆಯಲ್ಲಿ, ಇಲ್ಲದಿದ್ದರೆ ಸೋಮವಾರ ಗುಜರಿಗೆ.

ಕಿಲ್ ಸ್ವಿಚ್ ದೊಡ್ಡ ವಿದ್ಯೆಯೇನಲ್ಲ. ಹ್ಯಾಂಡಲ್ ಮೇಲೆ ಒಂದು ಸ್ವಿಚ್, ಅದಕ್ಕೊಂದು ಕ್ಯಾಪು, ಕ್ಯಾಪಿನಿಂದ ಸವಾರನ ಮುಂಗೈಗೆ ಒಂದು ಹುರಿ. ಸವಾರ ಬಿದ್ದರೆ ಹುರಿ ಜಗ್ಗಿ ಕ್ಯಾಪು ಕಿತ್ತು ಬರುತ್ತದೆ, ಎಂಜಿನ್ ಬಂದ್. ಅರ್ಧ ತಾಸಿನಲ್ಲಿ ಕೂರಿಸಿದೆ. ಕ್ಯಾಪು ಹಾಕಿ ಕಿಕ್ ಹೊಡೆದರೆ ಗಾಡಿ ಜಪ್ಪಯ್ಯ ಅಂದರೂ ಏಳಲಿಲ್ಲ. ಇಪ್ಪತ್ತು ಕಿಕ್ ಆದ ಮೇಲೆ ಸಿಟ್ಟಿನಿಂದ ಕ್ಯಾಪು ಕಿತ್ತೆಸೆದು ಇನ್ನೊಂದು ಹೊಡೆದೆ. ಗಾಡಿ ಓಣಿ ನಡುಗುವಂತೆ ಶುರುವಾಯಿತು.

ಬ್ಯಾಟರಿ ಗಾಡಿಯ ಸ್ವಿಚ್ಚನ್ನು ಬ್ಯಾಟರಿ ಇಲ್ಲದೆಯೇ ಕಿಡಿ ಹುಟ್ಟಿಸುವ ಗಾಡಿಗೆ ಹಾಕಿದ್ದೆ, ಎಲ್ಲ ಉಲ್ಟಾ ಆಗಿತ್ತು. ಮಾಸ್ತರರು ಬೈಯಲಿಲ್ಲ. ಲೆಕ್ಕ ಬಿಡಿಸುವವರ ಹಾಗೆ ಸ್ವಲ್ಪ ಯೋಚಿಸಿದರು.

"ಅಂದ್ರ ನಾ ಮ್ಯಾಲೆ ಕೂತ್ರ ನಿಲ್ತದ, ನಾ ಬಿದ್ರ ಓಡ್ತದ. ಹಂಗಾರ ಕಪ್ ಗಾಡಿಗೆ ಬರ್ತದರಿ, ನನಗ ಬರೂದಿಲ್ಲ."

೨. ಸಡಿಲ ಕ್ಯಾಪು

ಸರಿಯಾದ ಸ್ವಿಚ್ ಹಾಕಿ, ಓಣಿಯಲ್ಲಿ ಒಂದು ಸುತ್ತು ಹೊಡೆದು ಬನ್ನಿ ಅಂದೆ. ಹಿಟ್ಟಿನ ಗಿರಣಿ ಮುಂದೆ ಕ್ಯಾಪು ಕಳಚಿ ಗಾಡಿ ನಿಂತಿತು. ತಳ್ಳಿಕೊಂಡು ಬಂದರು. ಕ್ಯಾಪು ಸಡಿಲ ಇರಬೇಕೆಂದು ಬೇರೆ ಹಾಕಿದೆ. ಮಸೀದಿ ಮುಂದೆ ಮತ್ತೆ ನಿಂತಿತು. ಮೂರನೆಯದು ಹಾಕಿದೆ, ಅದು ನನ್ನ ಅಂಗಡಿ ದಾಟುವ ಮೊದಲೇ ಕಳಚಿತು. ನನ್ನ ಮೂವತ್ತು ವರ್ಷದ ಹೆಸರು ಓಣಿಯಲ್ಲಿ ಹರಾಜಾಗುತ್ತಿತ್ತು.

ಎದುರಿನ ಚಹಾದಂಗಡಿಯ ಅಕ್ಕ ಇದನ್ನೆಲ್ಲ ನೋಡುತ್ತಲೇ ಇದ್ದಳು. "ಅಣ್ಣಾ, ಕ್ಯಾಪ್ ಬರೋಬ್ಬರಿ ಐತಿ. ಮಾಸ್ತರ ಕೈ ಬಿಗಿ ಮಾಡು," ಅಂದಳು.

ಸಂಗತಿ ಇಷ್ಟೇ. ದಾರಿಯಲ್ಲಿ ಹಿರಿಯರು ಯಾರೇ ಕಂಡರೂ ಮಾಸ್ತರರ ಬಲಗೈ ತಾನಾಗಿ ಹಣೆಗೆ ಹೋಗುತ್ತಿತ್ತು. ಹುರಿ ಕಟ್ಟಿದ್ದೂ ಅದೇ ಕೈಗೆ. ಹಾಗಿದ್ದರೆ ಎಡಗೈಗೆ ಕಟ್ಟುತ್ತೇನೆ ಅಂದೆ. ಅವರಿಗೆ ಅದೂ ಸಮಾಧಾನವಾಗಲಿಲ್ಲ.

"ಭಾಳ ದೊಡ್ಡವರು ಬಂದ್ರ ಎರಡೂ ಕೈ ಬೇಕಾಗ್ತಾವಲ್ಲರಿ."

೩. ಕೇಳುವ ಮೊದಲೇ ಪಾಸು

ರೇಸಿನ ದಿನ ಮುಂಜಾನೆ ಗಾಡಿಗಳ ತಪಾಸಣೆ. ಹುರಿ ಬಲಗೈಯಲ್ಲೇ ಉಳಿದಿತ್ತು. ಯಾರಿಗೂ ಕೈ ಎತ್ತುವುದಿಲ್ಲವೆಂದು ಮಾಸ್ತರರು ದಾರಿಯುದ್ದಕ್ಕೂ ನನಗೆ ಮಾತು ಕೊಟ್ಟಿದ್ದರು. ತಪಾಸಣೆಯವರು ನರೆತ ಮೀಸೆಯ ಹಿರಿಯರು. ಎಂಜಿನ್ ಚಾಲೂ ಮಾಡಿಸಿ, ಹಾಳೆ ಹಿಡಿದು ಹತ್ತಿರ ಬಂದರು. ಬಂದದ್ದೇ ತಡ, ಮಾಸ್ತರರ ಕೈ ಹಣೆಗೆ ಹೋಯಿತು, ಗಾಡಿ ಬಂದ್ ಬಿತ್ತು. ಈ ವರ್ಷವೂ ಗೇಟಿನಿಂದಲೇ ವಾಪಸ್ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಅವರು ಹಾಳೆಯ ಮೇಲೆ ಗುರುತು ಹಾಕಿದರು. ಸ್ವಿಚ್ ತೋರಿಸಿ, ಸ್ವಿಚ್ ತೋರಿಸಿ ಅಂತ ಹೇಳಿ ಹೇಳಿ ಮುಂಜಾನೆಯಿಂದ ಗಂಟಲು ಒಣಗಿದೆ, ಕೇಳುವ ಮೊದಲೇ ತೋರಿಸಿದ ಸವಾರ ಇವರೊಬ್ಬರೇ ಅಂದರು.

೪. ಕೊನೆಯ ತಿರುವು

ರೇಸಿನ ನಡುವೆ ಹೀಗಾದರೆ ಗುಜರಿಯೇ ಗತಿ. ಹುರಿ ಮೈಗೆ ಎಲ್ಲಿ ಕಟ್ಟಿದರೂ ನಡೆಯುತ್ತದೆ ಎಂದು ತಪಾಸಣೆಯವರಿಂದ ಖಾತ್ರಿ ಮಾಡಿಕೊಂಡು, ಕೈಯಿಂದ ಬಿಚ್ಚಿ ಸೊಂಟದ ಬೆಲ್ಟಿಗೆ ಕಟ್ಟಿದೆ. ಇನ್ನು ಊರಿಗೆಲ್ಲ ನಮಸ್ಕಾರ ಮಾಡಿಕೊಳ್ಳಿ ಅಂತ ಬೆನ್ನು ತಟ್ಟಿ ಕಳಿಸಿದೆ.

ಮಾಸ್ತರರು ಓಡಿಸಿದ್ದನ್ನು ನೋಡಬೇಕಿತ್ತು. ಕೊನೆಯ ಸುತ್ತಿಗೆ ಮೂರನೆಯವರಾಗಿದ್ದರು, ಕಪ್ ಇದ್ದದ್ದು ಮೂವರಿಗೆ. ನಾನು ಬೇಲಿ ಹಿಡಿದು ಕುಣಿಯುತ್ತಿದ್ದೆ. ನನ್ನ ಪಕ್ಕದಲ್ಲಿ ಕರೀ ಟೊಪ್ಪಿಗೆಯ ಮುದುಕರೊಬ್ಬರು ಕೋಲೂರಿ ನಿಂತಿದ್ದರು. ಮಾಸ್ತರರು ಚಿಕ್ಕಂದಿನಲ್ಲಿ ಕಲಿತ ಶಾಲೆಯ ಹೆಡ್ ಮಾಸ್ತರರಂತೆ. ಶಿಷ್ಯನ ರೇಸು ನೋಡಲು ಆಟೋ ಮಾಡಿಕೊಂಡು ಬಂದಿದ್ದರು.

ಕೊನೆಯ ತಿರುವಿನಲ್ಲಿ ಮಾಸ್ತರರು ಅವರನ್ನು ಕಂಡರು. ಕೈ ಎತ್ತಲಿಲ್ಲ. ಸೀಟು ಬಿಟ್ಟು ನೆಟ್ಟಗೆ ಎದ್ದು ನಿಂತರು. ಹೆಡ್ ಮಾಸ್ತರರು ಬಂದರೆ ಎದ್ದು ನಿಲ್ಲಬೇಕು, ಒಂದನೇ ಇಯತ್ತೆಯಿಂದ ಮೈಗೆ ಹತ್ತಿದ ರೂಢಿ. ಸೊಂಟದ ಹುರಿ ಜಗ್ಗಿತು. ಗಾಡಿ ಬಂದ್.

ಮೈದಾನವೆಲ್ಲ ಹೋ ಎಂದಿತು. ಮುಂದೆ ಸ್ವಲ್ಪ ಇಳಿಜಾರು. ಮಾಸ್ತರರು ನಿಂತೇ ಇದ್ದರು, ಗಾಡಿ ಸದ್ದಿಲ್ಲದೆ ಉರುಳುತ್ತಿತ್ತು, ನಾಲ್ಕನೆಯವನು ಹಿಂದಿನಿಂದ ಬರುತ್ತಿದ್ದ. ಒಂದು ಗೇಣು ಮುಂದಾಗಿ ಮಾಸ್ತರರ ಗಾಡಿ ಗೆರೆ ದಾಟಿತು. ಗುಜರಿ ತಪ್ಪಿತು. ನನಗೆ ಆದ ಖುಷಿ ಸ್ವಂತ ಮಗ ಪಾಸಾದಾಗಲೂ ಆಗಿರಲಿಲ್ಲ.

ಮಾಸ್ತರರು ಗಾಡಿ ತಳ್ಳಿಕೊಂಡು ಬಂದು ಹೆಡ್ ಮಾಸ್ತರರ ಕಾಲು ಮುಟ್ಟಿದರು. ಅವರು ಶಿಷ್ಯನ ತಲೆ ಸವರಿ, ಗಾಡಿಯನ್ನು ಹಿಂದಿನಿಂದ ಮುಂದಿನವರೆಗೆ ನೋಡಿದರು.

"ನೀ ಎದ್ದು ನಿಂತದ್ದೇನು ದೊಡ್ಡದಲ್ಲ ಬಿಡು, ನನ್ನ ಕಡೆ ಕಲ್ತಾಂವ ನೀ. ನನ್ನ ನೋಡಿ ಗಾಡಿನೂ ಗಪ್ಪಾತಲ್ಲ, ಭಾಳ ಛಲೋ ಕಲಿಸೀಯಪಾ ಅದಕ್ಕ."