ಜಪಾನ್ ಇಂಜಿನ್ನಿಗೆ ಒಂದು ಗುಡಿಸು

ಇಡೀ ಹಿಂದೂಪುರದಲ್ಲಿ ಇಂಜಿನ್ನಿನ ವಿಷಯ ಬಲ್ಲವರು ಇಬ್ಬರೇ. ಒಬ್ಬರು ನಮ್ಮ ನಂಜುಂಡ ಮಾವ; ಅವರಿಗೆ ಸ್ವಂತ ಮೆಕ್ಯಾನಿಕ್ ಶೆಡ್ಡಿತ್ತು. ಇನ್ನೊಬ್ಬ ನಾನು, ಕಟಿಂಗ್ ಶಾಪಿನಲ್ಲಿ ಕೂತು ಒಂದು ಇಂಗ್ಲಿಷ್ ಕಾರ್ ಪತ್ರಿಕೆಯನ್ನು ಮುಕ್ಕಾಲು ಓದಿದ್ದೆ. ಉಳಿದ ಕಾಲು ಭಾಗವನ್ನು ಅಂಗಡಿಯವನು ಕತ್ತಿ ಒರೆಸಲು ಹರಿದುಕೊಂಡಿದ್ದ.

ಮಾವ ಬೆಂಗಳೂರಿನ ಗುಜರಿಯಿಂದ ಒಂದು ಹಳೇ ಜಪಾನ್ ಕಾರು ತಂದಿದ್ದರು. ಬಾಗಿಲು ನಾಲ್ಕು, ಇಂಜಿನ್ ಸೊನ್ನೆ. ಶೆಡ್ಡಿನಲ್ಲಿ ಅದಕ್ಕೆ ಹೊಂದುವ ಜಪಾನಿನದೇ ಎರಡು ಇಂಜಿನ್ನುಗಳಿದ್ದವು. ಒಂದು ಪೆಟ್ರೋಲು, ಹಗುರ, ಸಿಳ್ಳೆ ಹೊಡೆದಂತೆ ತಿರುಗುವಂಥದ್ದು. ಇನ್ನೊಂದು ಡೀಸೆಲ್ಲು, ವೇಗವಿಲ್ಲ, ಆದರೆ ಹಿಂದೆ ಏನು ಕಟ್ಟಿದರೂ ಎಳೆಯುತ್ತದೆ. ಯಾವುದನ್ನು ಕೂರಿಸುವುದೆಂದು ಮಾವ ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಕಲ್ಯಾಣದುರ್ಗದಿಂದ ಅವರ ಗೆಳೆಯ ಓಬುಳೇಸುವಿನ ಪೋಸ್ಟ್ ಕಾರ್ಡು ಬಂತು. ತೆಲುಗಿನಲ್ಲಿತ್ತು. ಮಾವನಿಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬಾರದು. ಸ್ಕೂಲಿನಲ್ಲಿ ತೆಲುಗು ಕಲಿತ ಮನೆತನದ ಏಕೈಕ ವಿದ್ವಾಂಸ ನಾನು. ಮೂವತ್ತಾರು ಮಾರ್ಕು.

"ಉಗಾದಿ ತರುವಾತ ಆದಿವಾರಂ ಬಂಡ ಪಂದೆಂ. ನೀ ಜಪಾನ್ ಕಾರುಲೋ ತಪ್ಪಕ ರಾ."

ಅಂದರೆ, ಯುಗಾದಿಯಾದ ಮೇಲಿನ ಭಾನುವಾರ ಪಂದ್ಯ, ನಿನ್ನ ಜಪಾನ್ ಕಾರಿನಲ್ಲಿ ತಪ್ಪದೆ ಬಾ. ಎಲ್ಲ ಸರಿ, ಆದರೆ ಈ 'ಬಂಡ'? ತೆಲುಗಿನಲ್ಲಿ ಗಾಡಿಗೆ 'ಬಂಡಿ' ಎನ್ನುತ್ತಾರೆ, ಕಾರೂ ಬಂಡಿಯೇ. ಪಾಪ, ಓಬುಳೇಸು ಗುಡಿಸು ಮರೆತಿದ್ದಾನೆ! ಅನ್ಯಭಾಷೆಯವರ ತಪ್ಪು ತಿದ್ದುವುದು ನನ್ನ ಪರಮ ಧರ್ಮವೆಂದು ಭಾವಿಸಿ, ನನ್ನದೇ ಪೆನ್ನಿನಿಂದ 'ಡ'ದ ತಲೆಗೆ ಒಂದು ಗುಡಿಸು ಏರಿಸಿ 'ಬಂಡಿ' ಮಾಡಿ, ಕಲ್ಯಾಣದುರ್ಗದಲ್ಲಿ ಕಾರ್ ರೇಸೆಂದು ಘೋಷಿಸಿದೆ.

ಆಮೇಲೆ ಒಂದು ವಾರ ಶೆಡ್ಡಿನಲ್ಲಿ ನನ್ನ ಪ್ರವಚನ. ರೇಸಿಗೆ ಬೇಕಾದ್ದು ಆರ್‌ಪಿಎಂ, ಎಳೆತವೆಂಬುದು ಲಾರಿಗಳ ಚಿಂತೆ, ಇತ್ಯಾದಿ. ಊಟ ತಂದ ಅತ್ತೆ ಮಾತ್ರ ಡೀಸೆಲ್ ಪಕ್ಷ.

"ಎಳೆಯೋದನ್ನೇ ಕೂರಿಸ್ರಿ. ರೇಸ್ ಮುಗುದ್ಮೇಲೆ ನೀರಿನ ಟ್ಯಾಂಕರಾದ್ರೂ ಎಳೀತದೆ," ಎಂದರು ಮಾವನಿಗೆ.

"ಅತ್ತೆ, ಟಾರ್ಕು ಅಂದ್ರೇನು ಗೊತ್ತಾ ನಿಮ್ಗೆ?" ಎಂದೆ.

"ಗೊತ್ತಿಲ್ಲ ಕಣಪ್ಪ. ನಿಂಗೊತ್ತಾ?"

ನನಗೂ ಗೊತ್ತಿರಲಿಲ್ಲ. ಅದು ಹರಿದುಹೋದ ಕಾಲು ಭಾಗದಲ್ಲಿತ್ತು.

ಆದರೂ ಪೆಟ್ರೋಲೇ ಗೆದ್ದಿತು. ಪಂದ್ಯ ಗೆದ್ದರೆ ಬರುವಾಗ ಸ್ಟೇರಿಂಗ್ ನನ್ನ ಕೈಗೆ ಎಂದು ಮಾವ ಮಾತು ಕೊಟ್ಟರು. ಅದುವರೆಗೆ ಅದನ್ನು ಮುಟ್ಟಿದರೆ ಸ್ಪ್ಯಾನರ್ ಹಾರಿ ಬರುತ್ತಿತ್ತು! ಕಲ್ಯಾಣದುರ್ಗದಲ್ಲಿ ಕಾರು ಓಡಿಸುವವನು ನಾನೇ ಎಂದು ಹತ್ತನೇ ಕ್ಲಾಸಿನ ಮೂರೂ ಸೆಕ್ಷನ್ನಿಗೆ, ಕೇಳದಿದ್ದರೂ ಹೆಡ್‌ಮಾಸ್ಟರಿಗೆ, ತಿಳಿಸಿಬಿಟ್ಟೆ. ಸೋತರೆ ಟಿ.ಸಿ. ತೆಗೆದುಕೊಂಡು ಗೋರಂಟ್ಲದ ಸ್ಕೂಲು ಸೇರುವುದೊಂದೇ ದಾರಿ.

ಭಾನುವಾರ ಪಾವಗಡದ ಮೇಲೆ ಗಾಳಿಯಂತೆ ಹೋದೆವು. ನಮ್ಮನ್ನು ಹಿಂದೆ ಹಾಕಿದ್ದು ಮೂರೇ ಬಸ್ಸು.

ಮೈದಾನದ ತುಂಬ ಜನ. ಆದರೆ ಎದುರಾಳಿಗಳಿಗೆ ಕೊಂಬಿದ್ದವು! ಹನ್ನೆರಡು ಜೊತೆ ಎತ್ತು, ನಡುವೆ ಒಂದು ಕಲ್ಲು. ಅದರ ಗಾತ್ರ ಹೇಳಿದರೆ ಬುರುಡೆ ಎನ್ನುತ್ತೀರಿ. ನಮ್ಮ ಮನೆಗಿಂತ ತುಸು ಚಿಕ್ಕದು.

ಓಬುಳೇಸು ಓಡಿ ಬಂದು ತಬ್ಬಿಕೊಂಡ. ರೇಸ್ ಎಲ್ಲಿ ಎಂದು ಮಾವ ಕಾರ್ಡು ತೋರಿಸಿದರು. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ.

"ಈ ಗುಡಿಸು ನಂದಲ್ಲ," ಎಂದ. "ಬಂಡ ಅಂದ್ರೆ ಕಲ್ಲು ಕಣಪ್ಪ. ಎತ್ತು ಕಲ್ಲೆಳೆಯೋದ್ನ ನೋಡಾಕೆ ಬಾ ಅಂತ ಬರ್ದಿದ್ದೆ."

ಮಾವ ನನ್ನ ಕಡೆ ನೋಡಿದರು. ನಾನು ಎತ್ತುಗಳ ಕಡೆ ನೋಡಿದೆ.

ಅಲ್ಲಿಗೆ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಆದರೆ ನನ್ನ ಸ್ಟೇರಿಂಗ್! ನಾವೂ ಎಳೆಯೋಣ, ಇದು ಇಡೀ ಜಪಾನಿನ ಮರ್ಯಾದೆಯ ಪ್ರಶ್ನೆ ಎಂದು ಮಾವನನ್ನು ಉಬ್ಬಿಸಿದೆ. ಮಾವ ಉಬ್ಬಿದರು. ಮೈಕಿನವನು "ಹಿಂದೂಪುರಂ ನುಂಚಿ ಜಪಾನ್ ಎದ್ದು" ಎಂದು ಕೂಗಿದ. ಎದ್ದು ಎಂದರೆ ತೆಲುಗಿನಲ್ಲಿ ಎತ್ತು; ನಾವು ಹಿಂದೂಪುರದಿಂದ ಬಂದ ಜಪಾನ್ ಎತ್ತು. ಕಾರಿಗೆ ಕಲ್ಲು ಕಟ್ಟಿದರು. ಇಂಜಿನ್ನು ಸಿಳ್ಳೆ ಹೊಡೆಯಿತು. ಚಕ್ರಗಳು ನಿಂತಲ್ಲೇ ಬಾವಿ ತೋಡಿದವು. ಕ್ಲಚ್ಚು ಸುಟ್ಟ ವಾಸನೆ ಪಕ್ಕದೂರು ಕುಂದುರ್ಪಿಗೂ ತಲುಪಿರಬೇಕು. ಹಿಂದಿನ ಬಂಪರ್ ಕಿತ್ತುಕೊಂಡು ಕಲ್ಲಿನ ಪಕ್ಷ ಸೇರಿತು. ಕಲ್ಲು ಮಾತ್ರ ಕದಲಲಿಲ್ಲ. ಆಮೇಲೆ ಕಾರೂ ಕದಲಲಿಲ್ಲ.

ಮೊದಲ ಬಹುಮಾನ ಗೆದ್ದ ಜೋಡಿಯ ಯಜಮಾನ, ಒಬ್ಬ ಅಜ್ಜ, ಕಾರಿಗೆ ಒಂದು ಸುತ್ತು ಬಂದ.

"ಕಾರ್ನಾಗೆ ಕುದ್ರೆ ಲೆಕ್ಕ ಹೇಳ್ತಾರಲ್ಲ, ಇದ್ರಾಗೆ ಎಷ್ಟವೆ?"

"ಅರವತ್ತು," ಎಂದೆ ಮೆಲ್ಲಗೆ.

"ಪಾಪ, ಸುಸ್ತಾಗವೆ. ಕೂತ್ಕಳ್ಳಿ ಬಿಡು," ಎಂದು ತನ್ನ ಎರಡು ಎತ್ತುಗಳನ್ನು ಕಾರಿನ ಮುಂದಕ್ಕೆ ಕಟ್ಟಿದ.

ಎತ್ತು ಎಳೆಯುವ ಕಾರಿಗೂ ದಾರಿ ತೋರಿಸಲು ಒಬ್ಬ ಬೇಕಲ್ಲ. ಮಾವ ಕೆಳಗಿಳಿದು, ಮದುಮಗನಿಗೆ ಹಿಡಿದಂತೆ ಬಾಗಿಲು ತೆರೆದು ಹಿಡಿದರು.

"ಹತ್ತಪ್ಪ ಡ್ರೈವರು. ಊರ್ಗೆಲ್ಲ ಸಾರ್ಕೊಂಡ್ ಬಂದಿದ್ದೀಯಲ್ಲ."

ಹೀಗೆ, ಸೋತರೂ ಕೊಟ್ಟ ಮಾತಿನಂತೆ, ಕಲ್ಯಾಣದುರ್ಗದ ಬಜಾರಿನ ನಟ್ಟನಡುವೆ ಜಪಾನ್ ಕಾರಿನ ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಗೇರು ಬೇಕಾಗಲಿಲ್ಲ. ಗತ್ತು ಬಿಡಬಾರದೆಂದು ಒಮ್ಮೆ ಹಾರನ್ ಒತ್ತಿದೆ. ಎಡಗಡೆಯ ಎತ್ತು ಬಾಲವೆತ್ತಿ, ನನ್ನ ಡ್ರೈವಿಂಗ್ ಬಗ್ಗೆ ತನ್ನ ಅಭಿಪ್ರಾಯವನ್ನು ಬಾನೆಟ್ಟಿನ ಮೇಲೆ ಹಾಕಿತು.