ಸೋತವರ ಬೆಳ್ಳಿ ಕಪ್

ದೇಶದ ಕಾಲೇಜು ಫುಟ್‌ಬಾಲ್ ಚಾಂಪಿಯನ್ ಯಾರೆಂದು ಪತ್ರಿಕೆಯವರು ಡಿಸೆಂಬರಿನಲ್ಲೇ ಮತ ಹಾಕಿ ತೀರ್ಮಾನಿಸಿಬಿಡುತ್ತಿದ್ದುದೇ ಎಲ್ಲ ಅವಾಂತರಕ್ಕೂ ಮೂಲ. ಆ ವರ್ಷ, ಅಂದರೆ ೧೯೫೧ರಲ್ಲಿ, ಪಟ್ಟ ಬ್ರೆಂಟ್‌ಫೀಲ್ಡ್ ಕಾಲೇಜಿಗೆ ಸಿಕ್ಕಿತು. ಜೊತೆಗೊಂದು ಬೆಳ್ಳಿ ಕಪ್ಪೂ ಬಂತು. ಹೊಸ ವರ್ಷದ ದಿನ ನಡೆದ, ಬೌಲ್ ಎಂದು ಕರೆಯುವ ಋತುವಿನ ಕೊನೆಯ ಪಂದ್ಯದಲ್ಲಿ ಪಕ್ಕದ ರಾಜ್ಯದ ಹಾರ್ಲನ್ ಕಾಲೇಜು ಇದೇ ಚಾಂಪಿಯನ್ನರನ್ನು ಹಿಗ್ಗಾಮುಗ್ಗಾ ಚಚ್ಚಿ ಹಾಕಿತು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ, ಇನ್ನೇನು ಗೋಲಿನ ಗೆರೆ ದಾಟಬೇಕು ಅನ್ನುವಾಗ ಅದನ್ನು ಕೈಬಿಟ್ಟವನು ಬ್ರೆಂಟ್‌ಫೀಲ್ಡಿನ ನಾಯಕ ಲೈಲ್ ಹೆಂಪ್‌ಸ್ಟೆಡ್. ಆದರೆ ಹಾಕಿದ ಮತ ಹಾಕಿದ್ದೇ. ಪಟ್ಟ ಬ್ರೆಂಟ್‌ಫೀಲ್ಡಿನಲ್ಲೇ ಉಳಿಯಿತು, ವಾಡಿಕೆಯಂತೆ ಕಪ್ ನಾಯಕನ ಕೋಣೆ ಸೇರಿತು.

ಅದನ್ನು ನೋಡಿದಾಗಲೆಲ್ಲ ಲೈಲ್‌ಗೆ ಕದ್ದ ಮಾಲು ಇಟ್ಟುಕೊಂಡಂತಾಗಿ ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು. ಊರಿನವರಿಗೋ ನಾಚಿಕೆಯ ಸುಳಿವೇ ಇಲ್ಲ.

"ಇನ್ನೆರಡು ಪ್ಯಾನ್‌ಕೇಕ್ ಹಾಕ್ಕೊಳ್ಳಪ್ಪ, ಚಾಂಪಿಯನ್," ಅಂದರು ಅವನು ಬಾಡಿಗೆಗಿದ್ದ ಮನೆಯೊಡತಿ ಮಿಸೆಸ್ ಪ್ರೂಯಿಟ್.

"ನಾವು ಸೋತ್ವಲ್ಲ, ಮಿಸೆಸ್ ಪ್ರೂಯಿಟ್."

"ಸೋತಿದ್ದು ಪಂದ್ಯ ಕಣೋ. ಪಟ್ಟ ಎಲ್ಲಿ ಸೋತ್ವಿ? ಸಂಜೆ ಮೆರವಣಿಗೆ. ಕಪ್ ಹಿಡ್ಕೊಂಡು ಮುಂದಿನ ಕಾರಲ್ಲಿ ನೀನೇ ಕೂತ್ಕೋಬೇಕು. ಭದ್ರವಾಗಿ ಹಿಡ್ಕೋ, ಅದನ್ನೂ ಬೀಳಿಸಬೇಡ!"

ಊರೆಲ್ಲ ನೋಡುವಂತೆ ಆ ಕಾರಿನಲ್ಲಿ ಕೂರುವುದಕ್ಕಿಂತ ಕಪ್ಪನ್ನು ಗೆದ್ದವರಿಗೇ ಒಪ್ಪಿಸುವುದು ವಾಸಿ ಎಂದು ಲೈಲ್ ತೀರ್ಮಾನಿಸಿದ. ಕಪ್ಪನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಹಿಂಬಾಗಿಲಿನಿಂದ ಜಾರಿ, ಹಾರ್ಲನ್ ಬಸ್ ಹತ್ತಿದ.

ಪಕ್ಕದ ಸೀಟಿನ ಹೆಂಗಸು ಕಂಬಳಿಯ ಕಡೆ ಬಗ್ಗಿದಳು. "ಅಯ್ಯೋ, ಕೂಸು! ಎಷ್ಟು ತಿಂಗಳು?"

ಕೂಸಲ್ಲ, ಕಪ್ ಅಂದರೆ ಯಾವ ಕಪ್ ಅನ್ನುತ್ತಾಳೆ, ಆಮೇಲೆ ಚೆಂಡಿನ ಕತೆ ತೆಗೆಯುತ್ತಾಳೆ. "ಒಂದು ತಿಂಗಳು," ಅಂದುಬಿಟ್ಟ ಲೈಲ್.

"ಎಲ್ಲಿಗೆ ಕರ್ಕೊಂಡು ಹೊರಟೆ?"

"ಹಾರ್ಲನ್‌ನಲ್ಲಿ ಕೊಟ್ಟುಬಿಟ್ಟು ಬರ್ತೀನಿ."

"ಕೊಟ್ಟುಬಿಡ್ತೀಯಾ? ಸ್ವಂತ ಮಗೂನಾ? ನಾಚಿಕೆ ಆಗಲ್ವೇನೋ ನಿನಗೆ?"

"ತುಂಬಾ ಆಗತ್ತೆ, ಮೇಡಂ." ಬಸ್ ಹತ್ತಿದ ಮೇಲೆ ಅವನು ಮನಬಿಚ್ಚಿ ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಬಸ್ ಗಕ್ಕನೆ ನಿಂತಿತು. ಕೂಸು ಠಣಠಣ ಸದ್ದು ಮಾಡುತ್ತಾ ಡ್ರೈವರನ ಕಾಲ ಬುಡದವರೆಗೂ ಉರುಳಿತು. ಹೆಂಗಸು ಕಿಟಾರನೆ ಕಿರುಚಿದಳು.

"ಬ್ರೆಂಟ್‌ಫೀಲ್ಡ್ ಕಪ್ ಅಲ್ವಾ ಇದು!" ಎಂದ ಡ್ರೈವರ್. "ಚೆಂಡು ಬೀಳಿಸಿದೋನು ನೀನೇನಾ? ಇನ್ನೂ ಬೀಳಿಸ್ತಾನೇ ಇದೀಯಲ್ಲಯ್ಯ!"

ಬಸ್ಸಿಗೆ ಬಸ್ಸೇ ನಕ್ಕಿತು. ಉಳಿದ ದಾರಿಯುದ್ದಕ್ಕೂ ಲೈಲ್ ಕಂಬಳಿಯನ್ನು ತಾನೇ ಹೊದ್ದು ಕೂತ.

ಹಾರ್ಲನ್ ತಂಡದ ಕೋಚ್ ಕ್ರಾಲ್ ಅವರ ಮೇಜಿನ ಮೇಲೆ ಕಪ್ಪನ್ನಿಟ್ಟು, "ಇದು ನಿಮಗೆ ಸೇರಬೇಕಾದ್ದು, ಸರ್," ಅಂದಾಗ ಅವನ ಕಣ್ಣು ತುಂಬಿತ್ತು.

ಕೋಚ್ ಹಾವು ಕಂಡವರಂತೆ ಹಿಂದೆ ಸರಿದರು. "ಬೇಡಪ್ಪಾ, ಬೇಡ! ಇದನ್ನ ನಾವು ಇಟ್ಕೊಂಡ್ರೆ ಆಮೇಲೆ ನೀವು ಯಾರು?"

"ಬರೀ ಸೋತವರು, ಸರ್."

"ಸೋತವರನ್ನ ಸೋಲಿಸಿದ್ರೆ ನನಗೆ ಯಾರಯ್ಯಾ ಸಂಬಳ ಏರಿಸ್ತಾರೆ? ನಾನು ಚಾಂಪಿಯನ್ನರನ್ನ ಸೋಲಿಸಿದೋನು! ನೀವು ಚಾಂಪಿಯನ್ನರಾಗಿ ಇದ್ರೇನೇ ನನಗೆ ಮರ್ಯಾದೆ." ಆಮೇಲೆ ಅವರ ಮುಖ ಅರಳಿತು. "ಸರಿಯಾದ ಹೊತ್ತಿಗೇ ಬಂದೆ ನೋಡು. ಇವತ್ತು ನಮ್ಮೂರಲ್ಲೂ ಮೆರವಣಿಗೆ!"

ಲೈಲ್ ಬಾಯಿ ತೆರೆಯುವ ಮುಂಚೆಯೇ ಹಾರ್ಲನ್ ಹುಡುಗರು ಅವನನ್ನು ಕಪ್ ಸಮೇತ ಎತ್ತಿಕೊಂಡು ಹೋಗಿ ಎಲ್ಲಕ್ಕಿಂತ ಮುಂದಿನ ಕಾರಿನಲ್ಲಿ ಕೂರಿಸಿದರು. ಕಾರಿಗೆ 'ನಾವು ಸೋಲಿಸಿದ ಚಾಂಪಿಯನ್' ಎಂಬ ಬೋರ್ಡು ಕಟ್ಟಿದರು. ಬ್ಯಾಂಡ್ ಶುರುವಾಯಿತು.

"ತಲೆ ಎತ್ತಪ್ಪಾ," ಕೋಚ್ ಅವನ ಗದ್ದ ಹಿಡಿದೆತ್ತಿದರು. "ನಿಮ್ಮೂರ ಪೇಪರಿನವರೂ ಬಂದಿದಾರೆ, ಫೋಟೋದಲ್ಲಿ ಮುಖ ಚೆನ್ನಾಗಿ ಕಾಣಲಿ."